ಕಸೂತಿ ಕೋಣೆಗೆ ಏಳು ಅಡಿಯ ಕಟ್ಟೆ

ನಿಂತು ಬಟ್ಟೆ ಕತ್ತರಿಸಲು, ಕೂತು ಕಸೂತಿ ಹಾಕಲು ಮಾಡಿದ ಕಟ್ಟೆ ನಿಂತಿದೆ. ಎರಡು ಭಾನುವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಹತ್ತು ವಾರ ಹಿಡಿಯಿತು. ಒಂದು ಗೋಡೆ ಒಡೆಯಿತು, ಒಂದು ಹಲಗೆ ಬಾಗಿತು, ಒಂದು ಕಡೆ ಮೈಕಾ ಉಬ್ಬಿತು. ಆಗಾಗ ವಹಿಯಲ್ಲಿ ಬರೆದಿಟ್ಟಿದ್ದನ್ನೇ ದಿನಾಂಕದ ಪ್ರಕಾರ ಇಲ್ಲಿ ಇಡುತ್ತಿದ್ದೇನೆ. ಹಳೇ ಮನೆಯಲ್ಲಿ ಇಂಥದ್ದು ಮಾಡುವವರಿಗೆ ನಾನು ತಪ್ಪಿದ ಜಾಗಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

ನಮ್ಮದು ಧಾರವಾಡದ ಮಾಳಮಡ್ಡಿಯ ಹಂಚಿನ ಮನೆ. ಹತ್ತೊಂಬತ್ತು ವರ್ಷ ನೆಲದ ಮೇಲೆ ಚಾಪೆ ಹಾಸಿಕೊಂಡೇ ಬಟ್ಟೆ ಕತ್ತರಿಸಿದೆ, ಅಲ್ಲೇ ಗೋಡೆಗೆ ಒರಗಿ ಕಸೂತಿ ಹಾಕಿದೆ. ಈಗ ಮೊಣಕಾಲು ಮಡಚಿ ಕೂತರೆ ಏಳುವುದು ಕಷ್ಟ. ಅತ್ತೆಯವರು ಕಾಳು ಇಡುತ್ತಿದ್ದ ಕೋಣೆ ಸುಮ್ನೆ ಬಿದ್ದಿತ್ತು. ಒಂದು ಮೂಲೆಯಲ್ಲಿ ಜೋಳದ ಚೀಲ ಬಿಟ್ಟರೆ ಉಳಿದದ್ದೆಲ್ಲ ಖಾಲಿ.

ಮೇ 18: ಅಳತೆ

ಕೋಣೆ 10 ಅಡಿ ಉದ್ದ, ಎಂಟೂವರೆ ಅಡಿ ಅಗಲ. ಕಿಟಕಿ ಪೂರ್ವಕ್ಕಿದೆ. ಕಟ್ಟೆಯನ್ನು ದಕ್ಷಿಣದ ಗೋಡೆಗೆ ಇಡಬೇಕೆಂದು ಮೊದಲೇ ಗಟ್ಟಿ ಮಾಡಿದೆ. ಆ ಗೋಡೆಗೆ ಮುಖ ಮಾಡಿ ನಿಂತರೆ ಬೆಳಕು ಎಡಗಡೆಯಿಂದ ಬರುತ್ತದೆ. ನಾನು ಬಲಗೈಯಲ್ಲಿ ಹೊಲಿಯುವವಳು, ಹಾಗಾಗಿ ಕೈಯ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ. ಕಸೂತಿಗೆ ಕೆಳಗೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ, ಅಂದರೆ ಹೋದ ದಾರಿಯಲ್ಲೇ ವಾಪಸ್ ಬಂದು ಗೆರೆ ತುಂಬುವ ಹೊಲಿಗೆಯಲ್ಲಿ, ಒಂದು ಎಳೆ ತಪ್ಪಿದರೂ ವಾಪಸ್ ಬರುವಾಗ ಗೆರೆ ಕೂಡುವುದಿಲ್ಲ. ಬೆಳಕೇ ಮೊದಲು, ಉಳಿದದ್ದೆಲ್ಲ ಆಮೇಲೆ.

ಎತ್ತರಕ್ಕೆ ಅರ್ಧ ದಿನ ಹೋಯಿತು. ಅಡುಗೆ ಕಟ್ಟೆ 33 ಇಂಚು ಇದೆ, ಅದೇ ಸಾಕು ಅಂತ ಮೊದಲು ಅನಿಸಿತ್ತು. ಅದರ ಮೇಲೆ ಹಳೇ ಸೀರೆ ಹಾಸಿ ಅರ್ಧ ಗಂಟೆ ಕತ್ತರಿ ಆಡಿಸಿದೆ. ಸೊಂಟ ಹಿಡಿಯಿತು. ಹಲಗೆ ಇಟ್ಟು ಕೆಳಗೆ ಪುಸ್ತಕ ಪೇರಿಸಿ 37 ಇಂಚು ಮಾಡಿದೆ. ಆಗ ಹೆಗಲು ಮೇಲೆದ್ದವು, ಕತ್ತರಿಯ ಕೆಳಗಿನ ಅಲಗು ಬಟ್ಟೆಯನ್ನು ಎತ್ತತೊಡಗಿತು. 35ಕ್ಕೆ ಇಳಿಸಿದಾಗ ಎರಡೂ ತೊಂದರೆ ಇರಲಿಲ್ಲ. ನನ್ನ ಎತ್ತರ 5 ಅಡಿ 1 ಇಂಚು, ನಿಂತಾಗ ಮೊಣಕೈ ನೆಲದಿಂದ 38 ಇಂಚಿಗೆ ಬರುತ್ತದೆ. ಅಂದರೆ ಮೊಣಕೈಗಿಂತ 3 ಇಂಚು ಕೆಳಗೆ. ನಿಮ್ಮದನ್ನು ನೀವೇ ಹೀಗೆ ನಿಂತು ನೋಡಿಕೊಳ್ಳಿ. ಬೇರೆಯವರ ಅಳತೆ ತಂದುಕೊಳ್ಳಬೇಡಿ.

ಕೂತು ಕಸೂತಿ ಹಾಕಲು ಮನೆಯಲ್ಲೇ ಇದ್ದ 25 ಇಂಚಿನ ಎತ್ತರದ ಸ್ಟೂಲು ಸರಿಹೋಯಿತು. ಆದರೆ ಕಾಲು ಜೋತುಬಿದ್ದು ಹತ್ತೇ ನಿಮಿಷದಲ್ಲಿ ಜೋಮು ಹಿಡಿಯಿತು. ಕಾಲಿಡಲು ಕೆಳಗೊಂದು ಅಡ್ಡ ಪೈಪು ಬೇಕು, ನೆಲದಿಂದ 9 ಇಂಚಿಗೆ ಅಂತ ಅಲ್ಲೇ ಬರೆದುಕೊಂಡೆ.

ಅಗಲ 24 ಇಂಚು. 44 ಇಂಚು ಪನ್ನದ (ಅಗಲದ) ಬಟ್ಟೆ ಎರಡು ಮಡಿಕೆ ಮಾಡಿದರೆ 22 ಆಗುತ್ತದೆ, ಕೂತುಕೊಳ್ಳುತ್ತದೆ. 8×4 ಪ್ಲೈವುಡ್ಡನ್ನು ಉದ್ದಕ್ಕೆ ಸೀಳಿದರೆ ಎರಡು ಅಡಿಯ ಎರಡು ತುಂಡು ಸಿಗುತ್ತವೆ ಎಂಬ ಲೆಕ್ಕವೂ ಇತ್ತು. ಉದ್ದ 7 ಅಡಿ.

ಮೇ 20: ಕಲ್ಲೋ ಹಲಗೆಯೋ

ಮನೆಯವರಿಗೆ ಗ್ರಾನೈಟ್ ಬೇಕಿತ್ತು. ಇಳಕಲ್ ಅಂದರೆ ನನಗೆ ಸೀರೆ, ಕಲ್ಲಿನ ಅಂಗಡಿಯವರಿಗೆ ಅದೇ ಊರಿನ ಕೆಂಪು ಗ್ರಾನೈಟ್. ಚೆಂದವೇ ಇತ್ತು. ಆದರೆ 20 ಮಿ.ಮೀ. ದಪ್ಪದ ಗ್ರಾನೈಟು ಚದರಡಿಗೆ ಸುಮಾರು 5 ಕೆಜಿ ತೂಗುತ್ತದೆ. 14 ಚದರಡಿಗೆ 70 ಕೆಜಿ. ಚಳಿಗಾಲದಲ್ಲಿ ಮುಂಗೈ ಊರಿ ಕೂತರೆ ಕೊರೆಯುತ್ತದೆ, ಕತ್ತರಿ ಬಿದ್ದರೆ ಮೊನೆ ಹೋಗುತ್ತದೆ. ಬೇಡ ಅಂದೆ.

19 ಮಿ.ಮೀ. ಪ್ಲೈವುಡ್ ತಗೊಂಡೆ. ಎಂಆರ್ ದರ್ಜೆಯದು (ಸ್ವಲ್ಪ ತೇವ ಮಾತ್ರ ತಡೆಯುವಂಥದ್ದು) ಅಗ್ಗ, ಆದರೆ ನಮ್ಮ ಊರಿನ ಮಳೆಗಾಲದ ತೇವಕ್ಕೆ ಹೆದರಿ ಐಎಸ್ 710 ಮುದ್ರೆ ಇರುವ ಬಿಡಬ್ಲ್ಯೂಪಿ, ಅಂದರೆ ಕುದಿಯುವ ನೀರನ್ನೂ ತಡೆಯುವ ದರ್ಜೆಯ ಹಲಗೆಯನ್ನೇ ಆರಿಸಿದೆ. ಚದರಡಿಗೆ 120ರಂತೆ 3,840 ರೂಪಾಯಿ. ಮೇಲೆ ಅಂಟಿಸಲು 1 ಮಿ.ಮೀ. ಮೈಕಾ, 1,350. ಅಂಗಡಿಯಲ್ಲಿ ಮೊದಲು ಹೊಳೆಯುವ ಮೈಕಾ ತೋರಿಸಿದರು. ಅದರ ಮೇಲೆ ಬಟ್ಟೆ ಜಾರುತ್ತದೆ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹೊಳಪಿಲ್ಲದ, ಹಾಲಿನಂಥ ಬಿಳಿಯದನ್ನು ಕೇಳಿ ತೆಗೆಸಿದೆ. ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವಾಗ ಕೆಳಗೆ ಬಿಳಿ ಇದ್ದರೆ ಎಳೆಗಳ ನಡುವಿನ ಸಂದು ಕಾಣುತ್ತದೆ. ಇಷ್ಟು ವರ್ಷ ಅದಕ್ಕಾಗಿಯೇ ತೊಡೆಯ ಮೇಲೆ ಬಿಳಿ ಪಂಚೆ ಹಾಕಿಕೊಳ್ಳುತ್ತಿದ್ದೆ.

ಎರಡನ್ನೂ ಅಂಗಡಿಯಲ್ಲೇ ಸೀಳಿಸಿದೆ. ಗರಗಸದ ಅಲಗು 3 ಮಿ.ಮೀ. ತಿನ್ನುತ್ತದೆ, ಹಾಗಾಗಿ ಪ್ರತಿ ತುಂಡೂ 24 ಇಂಚಿಗಿಂತ ಒಂದೂವರೆ ಮಿ.ಮೀ. ಕಡಿಮೆ ಬಂತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೇ 25: ಗೋಡೆ ಒಡೆದದ್ದು

ಇದು ಮೊದಲ ದೊಡ್ಡ ತಪ್ಪು. ಕಾಲುಗಳೇ ಬೇಡ, ಗೋಡೆಗೆ ಎಲ್ ಬ್ರ್ಯಾಕೆಟ್ ಹೊಡೆದರೆ ಕೆಳಗೆ ಕಸ ಗುಡಿಸಲು ಸಲೀಸು ಅಂತ ಯೋಚಿಸಿದ್ದೆ. ನಾಲ್ಕು ಬ್ರ್ಯಾಕೆಟ್ 720, ಆಂಕರ್ ಬೋಲ್ಟ್ 120.

ನಮ್ಮ ಗೋಡೆ ಒಂದೂವರೆ ಅಡಿ ದಪ್ಪ. ಅಷ್ಟು ದಪ್ಪವಿದ್ದರೆ ಗಟ್ಟಿಯೇ ಅಲ್ವಾ ಅಂದುಕೊಂಡೆ. ಒಳಗಿರುವುದು ಕಲ್ಲು ಮತ್ತು ಮಣ್ಣು, ಮೇಲೆ ಸುಣ್ಣದ ಗಾರೆ. ಮೊದಲ ತೂತಿಗೆ 10 ಮಿ.ಮೀ. ಬಿಟ್ ಹಾಕಿದೆ. ಎರಡು ಇಂಚು ಒಳಗೆ ಹೋದ ಮೇಲೆ ತಡೆಯೇ ಇಲ್ಲ, ಬರೀ ಒಣ ಮಣ್ಣು ಸುರಿಯಿತು. ಬಿಟ್ ಹೊರಗೆ ಬರುವಷ್ಟರಲ್ಲಿ ತೂತು ಕೋಳಿ ಮೊಟ್ಟೆಯಷ್ಟು ಅಗಲವಾಗಿತ್ತು. ಎರಡನೆಯದಕ್ಕೆ ಕಲ್ಲು ಸಿಕ್ಕಿ ಬಿಟ್ ಕೆಂಪಗೆ ಕಾದು ಮೊಂಡಾಯಿತು. ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹೇಗೋ ನಾಲ್ಕನ್ನೂ ಕೂಡಿಸಿದೆ. ಹಲಗೆ ಇಡುವ ಮುಂಚೆ ನೋಡೋಣ ಅಂತ ಎರಡು ಬ್ರ್ಯಾಕೆಟ್ ಹಿಡಿದು ಜೋತುಬಿದ್ದೆ. ಬಲಗಡೆಯದು ಊಟದ ತಟ್ಟೆಯಷ್ಟು ಗಾರೆಯನ್ನು ಕಿತ್ತುಕೊಂಡು ಕೆಳಗೆ ಬಂತು.

ಮರುದಿನ ಬಡಿಗರನ್ನು ಕರೆಸಿದೆ. ಅವರು ಗೋಡೆಯನ್ನು ಬೆರಳಿನಿಂದ ತಟ್ಟಿದರು ಅಷ್ಟೆ.

"ಅಕ್ಕಾರ, ಇದು ಅಜ್ಜಾರ ಕಾಲದ ಗ್ವಾಡಿ ಐತ್ರಿ. ಬರೇ ಮಾಡಿನ ಭಾರ ಹೊರಾಕ ಕಟ್ಯಾರ. ಬಗಲಿಗೆ ಏನೂ ತೂಗಹಾಕಬ್ಯಾಡ್ರಿ. ನೆಲದ ಮ್ಯಾಲ ನಿಂದ್ರಸ್ರಿ."

ಮೇಲಿನಿಂದ ಇಳಿಯುವ ಭಾರವನ್ನು ಈ ಗೋಡೆ ತಡೆಯುತ್ತದೆ, ಪಕ್ಕಕ್ಕೆ ಜಗ್ಗಿದರೆ ತಡೆಯುವುದಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿದ್ದೂ ನನಗೆ ಹೊಳೆದಿರಲಿಲ್ಲ. ಬಿದ್ದ ಜಾಗಕ್ಕೆ ಸಿಮೆಂಟ್ ಬಳಿಯಬೇಡಿ ಅಂದರು, ಮಣ್ಣಿನ ಗೋಡೆಗೆ ಅದು ಹಿಡಿಯದೆ ಪದರ ಬಿಟ್ಟುಕೊಳ್ಳುತ್ತದಂತೆ. ಸುಣ್ಣ, ಉಸುಕು ಕಲಸಿ ಎರಡು ಸಲ ಬಳಿದೆ. ನಾಲ್ಕು ಬ್ರ್ಯಾಕೆಟ್ ಈಗಲೂ ಡಬ್ಬಿಯಲ್ಲಿವೆ. 840 ರೂಪಾಯಿ ನೀರಲ್ಲಿ ಹೋಯಿತು.

ಅದೇ ವಾರ ವೆಲ್ಡಿಂಗ್ ಅಂಗಡಿಗೆ ಹೋಗಿ ಒಂದೂವರೆ ಇಂಚಿನ ಚೌಕ ಪೈಪಿನ ಚೌಕಟ್ಟು ಹೇಳಿ ಬಂದೆ. ನಮ್ಮ ಬಾಗಿಲು ಸಣ್ಣದು, ಪಡಸಾಲೆಯಲ್ಲಿ ತಿರುವೂ ಇದೆ. ಅದಕ್ಕೆ ಕಾಲುಗಳನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಕೂಡಿಸುವಂತೆ ಮಾಡಿಸಿದೆ. ಇದೊಂದನ್ನು ಮೊದಲೇ ಯೋಚಿಸಿದ್ದು ಒಳ್ಳೆಯದಾಯಿತು.

ಜೂನ್ 1: ಮೈಕಾ, ಮೊದಲ ಸಲ

ಚೌಕಟ್ಟು ಬರುವವರೆಗೆ ಸುಮ್ನೆ ಯಾಕೆ ಕೂಡಬೇಕು ಅಂತ ಮೈಕಾ ಅಂಟಿಸಲು ಕೂತೆ. ಹಲಗೆಯನ್ನು 84 ಇಂಚಿಗೆ ಕತ್ತರಿಸಿಕೊಂಡೆ. ಮೈಕಾ ಉದ್ದದ ಎರಡು ತುದಿಗೂ 5 ಮಿ.ಮೀ. ಜಾಸ್ತಿ ಬಿಟ್ಟೆ. ಹಲಗೆಯ ಧೂಳು ಒರೆಸಿ, ಮೈಕಾದ ಹಿಂಬದಿಗೆ 80ನೇ ನಂಬರಿನ ಉಸುಕಿನ ಕಾಗದ ಉಜ್ಜಿ, ಹಲಗೆಗೆ ಫೆವಿಕಾಲ್ ಎಸ್‌ಎಚ್ ಹಚ್ಚಿದೆ. ಹಳೇ ಹ್ಯಾಕ್ಸಾ ಬ್ಲೇಡಿನ ಹಲ್ಲಿನಿಂದ ಎಳೆದರೆ ಅಂಟು ಎಲ್ಲ ಕಡೆ ಒಂದೇ ಸಮ ಹರಡುತ್ತದೆ. 1 ಕೆಜಿ ಡಬ್ಬಿ 320. ಆಮೇಲೆ ಇನ್ನೊಂದು ಬದಿಗೆ ಹಚ್ಚಿಯೂ ಉಳಿಯಿತು.

ಭಾರಕ್ಕೆ ಹಿತ್ತಲಲ್ಲಿದ್ದ ಹದಿನಾರು ಇಟ್ಟಿಗೆ ಇಟ್ಟೆ. ಮರುದಿನ ತೆಗೆದು ಬೆರಳಿನಿಂದ ತಟ್ಟುತ್ತ ಹೋದರೆ ಎರಡು ಕಡೆ ಟೊಳ್ಳು ಸದ್ದು. ಇಟ್ಟಿಗೆ ಇದ್ದ ಕಡೆ ಮಾತ್ರ ಒತ್ತು ಬಿದ್ದಿತ್ತು, ನಡುವಿನ ಜಾಗ ಹಾಗೇ ಉಳಿದಿತ್ತು. ಒಂದು ಟೊಳ್ಳು ಅಂಗೈಯಷ್ಟು, ಇನ್ನೊಂದು ಎಂಟಾಣೆ ನಾಣ್ಯದಷ್ಟು. ದೊಡ್ಡದು ಅಂಚಿಗೇ ಇದ್ದದ್ದರಿಂದ ಸಿರಿಂಜಿನಲ್ಲಿ ಅಂಟು ತಳ್ಳಿ ಮತ್ತೆ ಒತ್ತಿದೆ, ಕೂತಿತು. ಚಿಕ್ಕದು ಈಗಲೂ ಇದೆ.

ಒಂದೇ ಬದಿಗೆ ಮೈಕಾ ಹಚ್ಚಿದ ಹಲಗೆಯನ್ನು ಹಾಗೇ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಎರಡನೆಯ ದೊಡ್ಡ ತಪ್ಪು ಅದು. ಆಗ ಗೊತ್ತಾಗಲಿಲ್ಲ.

ಜೂನ್ 12: ಚೌಕಟ್ಟು

ಕಾರ ಹುಣ್ಣಿಮೆಯ ಮರುದಿನ ಚೌಕಟ್ಟು ಬಂತು. ತೂಕ 29 ಕೆಜಿ, ಕೆಜಿಗೆ 125ರಂತೆ 3,625. ನಾಲ್ಕು ಕಾಲು, ಮೇಲೆ ಎರಡು ಅಡ್ಡಪಟ್ಟಿ, ಹಿಂದೆ ಒಂದು ಆಧಾರ, ಮುಂದೆ 9 ಇಂಚಿಗೆ ಕಾಲಿಡುವ ಪೈಪು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದೆ. ವ್ಯತ್ಯಾಸ 2 ಮಿ.ಮೀ. ಮಾತ್ರ. ಅಷ್ಟಕ್ಕೆ ತಕರಾರಿಲ್ಲ.

ತೊಂದರೆ ನೆಲದ್ದು. ಶಹಾಬಾದ್ ಕಲ್ಲಿನ ನೆಲ ನೋಡಲು ಸಮ ಕಾಣುತ್ತದೆ. ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿ ಹಿಡಿದು ನೋಡಿದರೆ ಏಳು ಅಡಿಯಲ್ಲಿ 14 ಮಿ.ಮೀ. ಇಳಿಜಾರು. ಹಿಂದೆ ಕೋಣೆ ತೊಳೆದರೆ ನೀರು ಬಾಗಿಲ ಕಡೆ ಹರಿಯಲಿ ಅಂತ ಹಾಗೆ ಹಾಸಿದ್ದಾರೆ. ಪೈಪಿನಲ್ಲಿ ಗಾಳಿಯ ಗುಳ್ಳೆ ಇದ್ದರೆ ಅಳತೆ ಸುಳ್ಳಾಗುತ್ತದೆ. ಮೊದಲ ಸಲ ನನಗೆ 20 ಬಂದಿತ್ತು, ಗುಳ್ಳೆ ಹೋಗುವವರೆಗೆ ಪೈಪು ತಟ್ಟಿ ಮತ್ತೆ ಹಿಡಿದಾಗ 14.

ಕಾಲಿನ ತುದಿಗೆ ನಟ್ ವೆಲ್ಡ್ ಮಾಡಿಸಿ 10 ಮಿ.ಮೀ. ಬೋಲ್ಟ್ ತಿರುಗಿಸಿದೆ. ಬೋಲ್ಟಿನ ತಲೆಯೇ ಪಾದ. ತಿರುಗಿಸಿದರೆ ಮೇಲೆ ಕೆಳಗೆ ಆಗುತ್ತದೆ. ಎಲ್ಲ ಸೇರಿ 280. ಹಿಂದಿನ ಎಡಗಾಲು ಸರಿಯಾಗಿ ಎರಡು ಕಲ್ಲಿನ ಸಂದಿಯಲ್ಲಿ ಕೂತು ಅಲುಗಾಡಿತು. ಚೌಕಟ್ಟನ್ನು ಎರಡು ಇಂಚು ಬಲಕ್ಕೆ ಸರಿಸಿದೆ. ಪಾದಗಳ ಕೆಳಗೆ ಹಳೇ ಸೈಕಲ್ ಟೈರಿನ ತುಂಡು ಹಾಕಿದೆ.

ಗೋಡೆಯಿಂದ ಒಂದೂವರೆ ಇಂಚು ಬಿಟ್ಟೆ. ನಮ್ಮ ಗೋಡೆಗೆ ನಡುವೆ ಹೊಟ್ಟೆ ಬಂದಿದೆ, ಎಷ್ಟು ಒತ್ತಿದರೂ ಎರಡು ತುದಿಯೂ ಕೂಡುವುದಿಲ್ಲ. ಮಳೆಗಾಲದಲ್ಲಿ ಗಾಳಿ ಆಡಲಿಕ್ಕೂ ಅಷ್ಟು ಜಾಗ ಬೇಕು.

ಜೂನ್ 15: ಹಲಗೆ ಬಾಗಿದೆ

ಹಲಗೆ ತಂದು ಚೌಕಟ್ಟಿನ ಮೇಲಿಟ್ಟೆ. ನಾಲ್ಕು ಮೂಲೆಗಳೂ ಮೇಲೆದ್ದಿದ್ದವು. ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದರೆ ನಡುವೆ 8 ಮಿ.ಮೀ. ತಗ್ಗು.

ನಿಜ ಹೇಳಬೇಕೆಂದರೆ ಅವತ್ತು ಅಳು ಬಂತು. ಮೊದಲಿಗೆ ಪ್ಲೈವುಡ್ಡೇ ಸರಿ ಇಲ್ಲ ಅಂದುಕೊಂಡೆ. ಬಡಿಗರು ಬಂದು ಹಲಗೆ ತಿರುವಿ ಹಾಕಿದರು. ಮೇಲೆ ಮೈಕಾ ಇದೆ, ಕೆಳಗೆ ಬರೀ ಕಟ್ಟಿಗೆ. ಎರಡು ವಾರದಿಂದ ಜಿಟಿಜಿಟಿ ಮಳೆ. ಕೆಳಗಿನ ಮೈ ತೇವ ಕುಡಿದು ಹಿಗ್ಗಿದೆ. ಮೇಲಿನ ಮೈಯನ್ನು ಮೈಕಾ ಹಿಡಿದುಕೊಂಡಿದೆ, ಹಿಗ್ಗಲು ಬಿಟ್ಟಿಲ್ಲ. ಆಗ ಹಲಗೆ ಮೈಕಾದ ಕಡೆಗೇ ಬಾಗುತ್ತದೆ.

"ಎರಡೂ ಮಗ್ಗಲಾ ಹಚ್ಚಬೇಕ್ರಿ ಅಕ್ಕಾರ. ಒಂದ ಮಗ್ಗಲಾ ಹಚ್ಚಿದ್ರ ಹಿಂಗ ಜಗ್ಗತೈತ್ರಿ."

ಹಿಂದೆ ಹಚ್ಚಬೇಕಾದ ಮೈಕಾ ನನ್ನ ಎದುರಿಗೇ ಇತ್ತು. ಸೀಳಿಸಿದ ಇನ್ನೊಂದು ಅರ್ಧವನ್ನು ಕೆಳಗಿನ ಶೆಲ್ಫಿಗೆ ಅಂತ ಎತ್ತಿಟ್ಟಿದ್ದೆ. ಅದೇ ದಪ್ಪ, ಅದೇ ಹಾಳೆ. ಎರಡೂ ಬದಿ ಒಂದೇ ಥರದ್ದಿದ್ದರೆ ಇನ್ನೂ ಒಳ್ಳೆಯದು ಅಂದರು.

ಆದರೆ ಬಾಗಿದ, ತೇವದ ಹಲಗೆಗೆ ಹಾಗೇ ಅಂಟಿಸಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮೊದಲು ಒಣಗಿಸಬೇಕು. ಹಲಗೆಯನ್ನು ಬೋರಲು ಹಾಕಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಬಿಟ್ಟೆ. ಜೂನ್ 18ಕ್ಕೆ 5 ಮಿ.ಮೀ., 22ಕ್ಕೆ 3, 26ಕ್ಕೆ 2. ನಡುವೆ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮನೆಯಲ್ಲಿ ಜನ ಬಂದಿದ್ದರು. ಯಾರೋ ಕಿಟಕಿ ತೆರೆದಿಟ್ಟರು, ಒಂದು ದಿನ ಏನೂ ಇಳಿಯಲಿಲ್ಲ.

ಜೂನ್ 29: ಎರಡನೆಯ ಬದಿ

ಈ ಸಲ ಇಟ್ಟಿಗೆ ಇಡಲಿಲ್ಲ. ಹಲಗೆಯನ್ನು ನೇರವಾಗಿದ್ದ ಚೌಕಟ್ಟಿನ ಮೇಲೆ ಬೋರಲು ಹಾಕಿ, ಅಂಟು ಹಚ್ಚಿ, ಮೈಕಾ ಇಟ್ಟು, ಅದರ ಮೇಲೆ ಮೂಲೆಯಲ್ಲಿದ್ದ ಮೂರು ಜೋಳದ ಚೀಲ ಮಲಗಿಸಿದೆವು. ತಲಾ 50 ಕೆಜಿ. ಚೀಲ ತಾನಾಗಿ ಹರಡಿಕೊಂಡು ಕೂಡುತ್ತದೆ, ಸಂದು ಬಿಡುವುದಿಲ್ಲ. ಎರಡು ದಿನ ಬಿಟ್ಟು ತೆಗೆದು ಉದ್ದಕ್ಕೂ ತಟ್ಟಿದೆ. ಎಲ್ಲೂ ಟೊಳ್ಳಿಲ್ಲ. ದಾರ ಹಿಡಿದರೆ 1 ಮಿ.ಮೀ. ಭಾರ ಇಡಲು ಕಾಳಿನ ಚೀಲದಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ.

ಜುಲೈ 6: ಸ್ಕ್ರೂ

ಕೆಳಗಿನಿಂದ ಪೈಪಿನ ಮೂಲಕ ಹಲಗೆಗೆ ಹತ್ತು ಸ್ಕ್ರೂ. ಪೈಪು 38 ಮಿ.ಮೀ., ಹಲಗೆ ಎರಡು ಮೈಕಾ ಸೇರಿ 21. ಎರಡು ಇಂಚಿನ ಸ್ಕ್ರೂ ಹಾಕಿದರೆ ಹಲಗೆಯೊಳಗೆ 12 ಮಿ.ಮೀ. ಹೋಗುತ್ತದೆ, ಸಾಕು. ನಾನು ಮೊದಲನೆಯದಕ್ಕೆ ಡಬ್ಬಿಯಲ್ಲಿ ಕೈಗೆ ಸಿಕ್ಕ ಎರಡೂವರೆ ಇಂಚಿನದನ್ನು ಹಾಕಿದೆ. ಕೊನೆಯ ಸುತ್ತು ತಿರುಗಿಸುವಾಗ ಮೇಲ್ಗಡೆ ಚಟ್ ಅಂತ ಸದ್ದಾಯಿತು. ಎಡ ತುದಿಯಿಂದ 9 ಇಂಚಿಗೆ ಬಿಳಿ ಮೈಕಾದಲ್ಲಿ ಒಂದು ಗುಳ್ಳೆ, ಮೇಲೆ ಕೂದಲೆಳೆಯಷ್ಟು ಬಿರುಕು. ಸ್ಕ್ರೂ ಹಿಂದಕ್ಕೆ ತೆಗೆದೆ, ಗುಳ್ಳೆ ಉಳಿಯಿತು. ಬಟ್ಟೆ ಎಳೆದರೆ ಅಲ್ಲಿ ಸಿಕ್ಕುತ್ತದೆ. ಉಸುಕಿನ ಕಾಗದದಿಂದ ಮೆಲ್ಲಗೆ ಉಜ್ಜಿ, ಪಾರದರ್ಶಕ ಅಂಟು ಒಂದು ಹನಿ ಹಾಕಿ ಸಮ ಮಾಡಿದೆ. ಕೈಗೆ ಈಗ ತಾಗುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಸ್ಕ್ರೂ ಹಾಕುವ ಮುಂಚೆ ಪ್ರತಿಯೊಂದನ್ನೂ ಪೈಪಿನ ಪಕ್ಕ ಹಿಡಿದು ಅಳೆಯಿರಿ.

ಜುಲೈ 13: ಸಾಗವಾನಿ ಅಂಚು

20 ಅಡಿ ಸಾಗವಾನಿ ಪಟ್ಟಿ, 600. ಮೊದಲಿನ ಲೆಕ್ಕದಲ್ಲಿ 20 ಮಿ.ಮೀ. ಅಗಲದ್ದು ಸಾಕಿತ್ತು. ಹಿಂಬದಿಗೂ ಮೈಕಾ ಬಂದ ಮೇಲೆ 21 ಆಯಿತಲ್ಲ, ಅದಕ್ಕೆ 25ರದ್ದು ತಂದು ಬಡಿಗರಿಂದ ಹತ್ತರಿ ಹೊಡೆಸಿ ಸಮ ಮಾಡಿಸಿದೆ. ಅವರ ಎಲ್ಲ ದಿನಗಳ ಕೂಲಿ ಸೇರಿ 700. ಹಿಂದಿನ ಅಂಚಿನ ಪಟ್ಟಿಯನ್ನು ಮಾತ್ರ ಸ್ವಲ್ಪ ಮೇಲೆ ಎದ್ದು ನಿಲ್ಲುವ ಹಾಗೆ ಕೂಡಿಸಿದೆವು, ಇಲ್ಲದಿದ್ದರೆ ಸೂಜಿ, ದಾರದ ಉಂಡೆ ಎಲ್ಲ ಗೋಡೆಯ ಸಂದಿಗೆ ಬೀಳುತ್ತವೆ. ಮುಂದಿನ ಅಂಚನ್ನು 220ನೇ ನಂಬರಿನ ಕಾಗದದಿಂದ ಚೆನ್ನಾಗಿ ಉರುಟು ಮಾಡಿದೆ. ಅಲ್ಲಿ ಒಂದು ಸಣ್ಣ ಸಿಬರು ಉಳಿದರೂ ರೇಷ್ಮೆಯ ಎಳೆ ಕಿತ್ತುಕೊಂಡು ಬರುತ್ತದೆ. ಹಳೇ ರೇಷ್ಮೆ ಕುಪ್ಪಸದ ತುಂಡನ್ನು ಉದ್ದಕ್ಕೂ ಸವರಿ ನೋಡಿದೆ, ಮೂರು ಕಡೆ ಸಿಕ್ಕಿತು. ಮತ್ತೆ ಉಜ್ಜಿದೆ. ಪಾಲಿಶ್ 180.

ಜುಲೈ 20: ಇಸ್ತ್ರಿ, ಅಳತೆ ಗೆರೆ

ಕಾದ ಇಸ್ತ್ರಿಪೆಟ್ಟಿಗೆಯನ್ನು ಮೈಕಾದ ಮೇಲೆ ನೇರ ಇಡಬಾರದು, ಅಂಟು ಬಿಟ್ಟು ಉಬ್ಬುತ್ತದೆ. ಬಲಗಡೆ ಎರಡು ಅಡಿಗೆ ಹಳೇ ಕರಿ ಕಂಬಳಿ ನಾಲ್ಕು ಮಡಿಕೆ ಮಾಡಿ, ಮೇಲೆ ದಪ್ಪ ಕಾಟನ್ ಬಟ್ಟೆ ಬಿಗಿದೆ. ಹತ್ತು ನಿಮಿಷ ಇಸ್ತ್ರಿ ಮಾಡಿ ಕೆಳಗೆ ಕೈ ಹಾಕಿದರೆ ಬರೀ ಉಗುರುಬೆಚ್ಚಗೆ.

ಮುಂದಿನ ಅಂಚಿಗೆ ಇಂಚಿನ ಗೆರೆ ಹಾಕುವಾಗ ಹೊಲಿಗೆಯ ಟೇಪು ಹಿಡಿದು 60 ಇಂಚಿನವರೆಗೆ ಗುರುತು ಮಾಡಿಬಿಟ್ಟೆ. ಆಮೇಲೆ ಸ್ಟೀಲ್ ಟೇಪು ಇಟ್ಟು ನೋಡಿದರೆ ಕೊನೆಯ ಗೆರೆ 4 ಮಿ.ಮೀ. ಮುಂದಿತ್ತು. ವರ್ಷಗಟ್ಟಲೆ ಎಳೆದೆಳೆದು ಟೇಪೇ ಉದ್ದವಾಗಿದೆ. ಎಲ್ಲ ಒರೆಸಿ ಸ್ಟೀಲ್ ಟೇಪಿನಿಂದ ಮತ್ತೆ ಹಾಕಿದೆ. ಹಳೇ ಟೇಪು ಎಸೆದೆ. ನಿಮ್ಮ ಟೇಪನ್ನೂ ಒಂದು ಸಲ ನೋಡಿ.

ಲೆಕ್ಕ

ಪ್ಲೈವುಡ್ 3,840, ಮೈಕಾ 1,350, ಅಂಟು 320, ಚೌಕಟ್ಟು 3,625, ಪಾದದ ಬೋಲ್ಟ್ 280, ಗೂಡ್ಸ್ ಆಟೋ 400, ಸಾಗವಾನಿ 600, ಪಾಲಿಶ್ 180, ಬಡಿಗರ ಕೂಲಿ 700. ಒಟ್ಟು 11,295. ಗೋಡೆಗೆ ಸುರಿದ 840 ಸೇರಿಸಿದರೆ 12,135. ಡ್ರಿಲ್, ಗರಗಸ, ಟೇಪು, ಸ್ಕ್ರೂ ಮನೆಯಲ್ಲೇ ಇದ್ದವು.

ಜುಲೈ 27

ನಡುವೆ ಒಂದು ವಾರ ಬಿಡದೆ ಮಳೆ ಹೊಯ್ದಿದೆ. ಬೆಳಿಗ್ಗೆ ದಾರ ಹಿಡಿದು ನೋಡಿದೆ. ತಗ್ಗು 1 ಮಿ.ಮೀ., ಜೂನ್ 29ರಂದು ಇದ್ದಷ್ಟೇ. ನೀರಿನ ಪೈಪು ಹಿಡಿದರೆ ಎರಡೂ ತುದಿ ಸಮ.

ನಾಡಿದ್ದು ಪಂಚಮಿ. ಮಗಳು ನಾಳೆ ಬರುತ್ತಾಳೆ. ಅವಳ ಖಣದ ಕುಪ್ಪಸವನ್ನು ಇಲ್ಲೇ ನಿಂತು ಕತ್ತರಿಸಿದೆ, ಮೊಣಕಾಲು ಮಡಚದೆ. ಸ್ಟೂಲಿನ ಮೇಲೆ ಕೂತು ಅದರ ಬೆನ್ನಿಗೆ ಮುರ್ಗಿಯಲ್ಲಿ, ಅಂದರೆ ಮೆಟ್ಟಿಲಿನಂತೆ ಏರುವ ಹೊಲಿಗೆಯಲ್ಲಿ, ಗೋಪುರ ಶುರು ಮಾಡಿದ್ದೇನೆ. ಕಾಲು ಪೈಪಿನ ಮೇಲಿದೆ, ಬೆಳಕು ಎಡದಿಂದ ಬರುತ್ತಿದೆ. ಶೆಲ್ಫ್ ಇನ್ನೂ ಕೂಡಿಸಿಲ್ಲ. ಅದರ ಮೈಕಾ ಕಟ್ಟೆಯ ಹಿಂಬದಿಗೆ ಹೋಯಿತು. ಉಳಿದರ್ಧ ಪ್ಲೈವುಡ್ಡನ್ನು ಈ ಸಲ ಗೋಡೆಗೆ ಒರಗಿಸಿಲ್ಲ, ಮಂಚದ ಕೆಳಗೆ ಸಪಾಟಾಗಿ ಮಲಗಿಸಿದ್ದೇನೆ. ಮಳೆ ನಿಂತ ಮೇಲೆ ಎರಡೂ ಬದಿಗೆ ಪಾಲಿಶ್ ಹೊಡೆದು ಕೂಡಿಸಬೇಕು.